ಮೊಲದ ಜೊತೆಗಿದ್ದ ಇಲಿ

ನಮ್ಮ ದೇರೆಬೈಲಿನ ಮನೆಯಲ್ಲಿ ಬತ್ತಲೆ ಇದ್ದ ವಸ್ತು ಒಂದೂ ಇರಲಿಲ್ಲ. ರೇಡಿಯೋದ ಮೇಲೆ ಒಂದು ಕ್ರೋಶೆ ಬಟ್ಟೆ, ನೀರಿನ ಹೂಜಿಯ ಬಾಯಿಗೆ ಅಂಚಿನಲ್ಲಿ ಮಣಿ ಪೋಣಿಸಿದ ಇನ್ನೊಂದು, ಕುರ್ಚಿಗಳ ಬೆನ್ನಿಗೆ, ಕುರ್ಚಿಗಳ ಕೈಗೆ, ಹೊಲಿಗೆ ಮೆಶಿನಿಗೆ, ಬಿಸ್ಕತ್ತಿನ ಡಬ್ಬಿಗೆ, ಚಾವಡಿಯ ಗೋಡೆಯಲ್ಲಿದ್ದ ದೇವರ ಪೀಠಕ್ಕೆ, ಎಲ್ಲಕ್ಕೂ ಅಮ್ಮ ಬಿಳಿ ನೂಲಿನಲ್ಲಿ ಹೆಣೆದು ಅಂಗಿ ತೊಡಿಸಿದ್ದಳು. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಪಪ್ಪ ಸಂಜೆ ಬಂದು ಆರಾಮ ಕುರ್ಚಿಯಲ್ಲಿ ಒರಗಿ, ತಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತರೆ ಇವಳು ತನ್ನನ್ನೂ ಮುಚ್ಚಿಬಿಡುತ್ತಾಳೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಮ್ಮ ಆ ಮಾತಿಗೆ ಒಮ್ಮೆಯೂ ನಗಲಿಲ್ಲ. ಕ್ರೋಶೆಯ ವಿಷಯದಲ್ಲಿ ಅವಳದ್ದು ಒಂದೇ ಕಾನೂನು: ಯಾವುದನ್ನಾದರೂ ಮುಚ್ಚಬೇಕು. ಮುಚ್ಚದೆ ಸುಮ್ಮನೆ ಇರುವ ಕ್ರೋಶೆ ಅವಳ ಕಣ್ಣಿಗೆ ಕೆಲಸವಿಲ್ಲದೆ ಗೇಟಿನ ಬಳಿ ನಿಂತ ಹೆಂಗಸಿನ ಹಾಗೆ. ಅಂಥ ಮನೆಯಲ್ಲಿ ಫ್ರಾಕ್ ತೊಟ್ಟ ಒಂದು ಮೊಲ ಹುಟ್ಟಿತು ಎಂದರೆ, ಅದು ಹೇಗೆ ಹುಟ್ಟಿತು ಎಂದು ಹೇಳಲೇಬೇಕು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಂಕಣಿ. ಈ ಫೋನಿನಲ್ಲಿ ಒಂದೇ ಬೆರಳಿನಿಂದ ಕನ್ನಡ ಕುಟ್ಟಲು ನಾನು ಕಲಿತದ್ದು ಮೊನ್ನೆ ಮೊನ್ನೆ, ಹಾಗಾಗಿ ಅವರೆಲ್ಲ ಇಲ್ಲಿ ಕನ್ನಡದಲ್ಲೇ ಮಾತಾಡಬೇಕು. ಬದುಕಿದ್ದರೆ ಅಮ್ಮ ಒಪ್ಪುತ್ತಿರಲಿಲ್ಲ.

ಮೊಲವನ್ನು ಹೆಣೆದವಳು ಸೆವ್ರಿನ್ ಮೌಶಿ, ಅಮ್ಮನ ತಂಗಿ. ಅವಳು ಸಿಸ್ಟರ್ ಆಗುತ್ತೇನೆಂದು ಕಾನ್ವೆಂಟಿಗೆ ಹೋಗಿ, ವ್ರತ ತೆಗೆದುಕೊಳ್ಳುವ ಮೊದಲೇ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದವಳು. ಯಾಕೆ ಬಂದಳು ಎಂಬುದನ್ನು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಹೊರಗೆ ಎಲ್ಲರೂ ಮಾತಾಡುತ್ತಿದ್ದರು. ನಾನು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: ಅಲ್ಲಿ ಊಟಕ್ಕೆ ಕೂತಾಗ ಮಾತಾಡಬಾರದು, ಅವಳಿಗೆ ಮಾತಾಡದೆ ಇರಲು ಬರುತ್ತಿತ್ತು, ಆದರೆ ನಗದೆ ಇರಲು ಬರುತ್ತಿರಲಿಲ್ಲ. ಅಜ್ಜಿ ಅಜ್ಜ ಇಬ್ಬರೂ ತೀರಿಹೋಗಿದ್ದರಿಂದ ಅವಳು ನಮ್ಮ ಮನೆಗೆ ಬಂದು, ಒಳಗಿನ ಕೋಣೆಯಲ್ಲಿ ನನ್ನ ಮಂಚದ ಅರ್ಧ ಭಾಗ ತೆಗೆದುಕೊಂಡಳು. ಬೆಳಿಗ್ಗೆ ಬಾವಿಯಿಂದ ನೀರು ಸೇದುವುದು, ಮೀನು ಕ್ಲೀನ್ ಮಾಡುವುದು, ಅರೆಯುವ ಕಲ್ಲಿನ ಕೆಲಸ, ಪಪ್ಪನ ಅಂಗಿಗಳಿಗೆ ಇಸ್ತ್ರಿ, ಇದೆಲ್ಲ ಅವಳ ಪಾಲಿಗೆ ಬಂತು. ಹುಳಿಗೆ ಬಿಂಬುಳಿ ಕಾಯಿ ಹಾಕಿದ ಬಂಗುಡೆ ಮೀನಿನ ಸಾರು ಅವಳು ಮಾಡಿದ ದಿನ ಪಪ್ಪ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು, ಅಮ್ಮ ಅದನ್ನು ಗಮನಿಸದವಳ ಹಾಗೆ ಇರುತ್ತಿದ್ದಳು. ಅವಳಿಗೆ ಬಾರದ್ದು ಕ್ರೋಶೆ ಒಂದೇ. ಕಾನ್ವೆಂಟಿನಿಂದ ಬಂದ ಹುಡುಗಿಗೆ ಕ್ರೋಶೆ ಬರುವುದಿಲ್ಲ ಎಂದರೆ ನಂಬುವವರಿಲ್ಲ. ಆದರೆ ಅಲ್ಲಿ ಅವಳನ್ನು ಅಡುಗೆಮನೆಯಲ್ಲೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೂ ಇಟ್ಟಿದ್ದರಂತೆ, ನೂಲಿನ ಹತ್ತಿರ ಬಿಟ್ಟಿರಲಿಲ್ಲ.

ಅಮ್ಮ ಕಲಿಸಲು ಕೂತಳು. ಗಂಡು ಬಂದು ನೋಡುವಾಗ ಹುಡುಗಿಯ ಕೈಕೆಲಸ ಎಂದು ಏನಾದರೂ ತೋರಿಸಬೇಕಲ್ಲ ಎಂಬುದು ಅವಳ ಲೆಕ್ಕ. ಮೊದಲ ಪಾಠ ಹೂಜಿ ಮುಚ್ಚುವ ದುಂಡು ಬಟ್ಟೆ. ನಡುವಿನಿಂದ ಶುರುಮಾಡಿ ಸುತ್ತು ಹಾಕುತ್ತ ಹೋಗುವಾಗ, ಪ್ರತಿ ಸುತ್ತಿಗೂ ಕುಣಿಕೆಗಳನ್ನು ಹೆಚ್ಚಿಸಬೇಕು, ನೂಲನ್ನು ಸಡಿಲ ಬಿಡಬೇಕು. ಆಗ ಅದು ಚಪ್ಪಟೆಯಾಗಿ ಮಲಗುತ್ತದೆ. ಮೌಶಿಯ ಕೈ ಬಾವಿಯ ಹಗ್ಗ ಎಳೆದ ಕೈ. ನೂಲನ್ನೂ ಹಾಗೆಯೇ ಎಳೆದಳು, ಕುಣಿಕೆ ಹೆಚ್ಚಿಸುವುದನ್ನು ಮರೆತಳು. ಬಟ್ಟೆ ಮಲಗಲಿಲ್ಲ, ಎದ್ದು ಕೂತಿತು. ನಾಲ್ಕೈದು ಸುತ್ತು ಆಗುವಾಗ ಅದೊಂದು ಬಟ್ಟಲು. ಬಿಚ್ಚಿಸಿ ಮತ್ತೆ ಹೆಣೆಸಿದರೂ ಬಟ್ಟಲು. ಅಮ್ಮ ಅದನ್ನು ಮೇಜಿನ ಮೇಲೆ ಕೈಯಿಂದ ಒತ್ತಿ ಹಿಡಿದಳು. ಕೈ ತೆಗೆದ ಕೂಡಲೆ ಅದು ಮತ್ತೆ ಎದ್ದಿತು.

"ಇದು ಎಂತದು ಸೆವ್ರಿನ್? ಹೂಜಿಗೆ ಟೊಪ್ಪಿ ಇಡ್ಲಿಕ್ಕುಂಟಾ?"

ಮೌಶಿ ಆ ಬಟ್ಟಲನ್ನು ತನ್ನ ಮುಷ್ಟಿಗೆ ತೊಡಿಸಿ ತಿರುಗಿಸಿ ನೋಡಿದಳು. ಇನ್ನೊಂದು ಬಟ್ಟಲು ಹೆಣೆದು ಎರಡನ್ನೂ ಬಾಯಿಗೆ ಬಾಯಿ ಕೊಟ್ಟು ಹೊಲಿದು, ಒಳಗೆ ಹಳೆಯ ತಲೆದಿಂಬಿನ ಬೂರುಗದ ಹತ್ತಿ ತುಂಬಿದರೆ ತಲೆಯಾಗುತ್ತದೆ ಎಂದು ಅವಳಿಗೆ ಹೊಳೆದದ್ದು ಆಗ. ಸಡಿಲ ಹೆಣೆಯುವವರ ಕೈಯಲ್ಲಿ ಅದು ಸಾಧ್ಯವಿಲ್ಲ, ಹತ್ತಿ ಸಂದಿಯಿಂದ ಹೊರಗೆ ಇಣುಕುತ್ತದೆ. ಅವಳ ಬಿಗಿ ಹೆಣಿಗೆಯಲ್ಲಿ ಒಂದು ಎಳೆಯೂ ಹೊರಗೆ ಬರಲಿಲ್ಲ. ಮೊಲವನ್ನು ನಾವಿಬ್ಬರೂ ಒಂದು ಮಿಠಾಯಿ ಡಬ್ಬಿಯ ಮೇಲಿನ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ, ಆ ಚಿತ್ರದಲ್ಲೂ ಅದರ ಹಿಂಗಾಲು ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಹಾಗಾಗಿ ನಮ್ಮ ಮೊಲಕ್ಕೆ ಹಿಂಗಾಲು ಮನುಷ್ಯರದ್ದು. ಒಂದು ಕಿವಿ ಇನ್ನೊಂದಕ್ಕಿಂತ ಗಿಡ್ಡ. ಫ್ರಾಕಿಗೆ ಬಣ್ಣದ ನೂಲು ಅಮ್ಮನ ಹತ್ತಿರ ಇರಲಿಲ್ಲ, ಬಣ್ಣದ ನೂಲು ಅವಳ ಪ್ರಕಾರ ಸರ್ಕಸ್ಸಿನವರಿಗೆ. ಮೌಶಿ ಪುನರ್ಪುಳಿ ಹಣ್ಣಿನ ಸಿಪ್ಪೆ ಕುದಿಸಿದ ನೀರಿನಲ್ಲಿ ಬಿಳಿ ನೂಲು ಅದ್ದಿ, ಹಿತ್ತಿಲಿನ ದಾಸವಾಳದ ಗಿಡದ ಮೇಲೆ ಒಣಗಿಸಿದಳು. ಕೆಂಪೂ ಅಲ್ಲದ ನೇರಳೆಯೂ ಅಲ್ಲದ ಒಂದು ಬಣ್ಣ ಬಂತು. ಕೆಳಗೆ ಫ್ರಿಲ್ ಇಟ್ಟ ಆ ಫ್ರಾಕ್ ತೊಟ್ಟು ಮೊಲ ನನ್ನ ಮಂಚದ ಮೇಲೆ ಕೂತಾಗ ಅಮ್ಮ ಬಾಗಿಲಿನಲ್ಲಿ ನಿಂತು ನೋಡಿ, ಇದು ಯಾವುದನ್ನು ಮುಚ್ಚುತ್ತದೆ ಎಂದು ಮಾತ್ರ ಕೇಳಿದಳು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಹೇಳಬೇಕು. ಮದುವೆಯಾಗದ ಹೆಂಗಸು ಗೇಟು ದಾಟಿ ಒಬ್ಬಳೇ ಹೋಗುವುದು ನಮ್ಮವರಲ್ಲಿ ಇರಲಿಲ್ಲ. ಜೊತೆಗೆ ಒಂದು ಜನ ಬೇಕು. ಆ ಜನ ದೊಡ್ಡವರೇ ಆಗಬೇಕೆಂದಿಲ್ಲ, ಎಂಟು ವರ್ಷದ, ಮುಂದಿನ ಹಲ್ಲಿಲ್ಲದ ಒಂದು ಹುಡುಗಿ ಸಾಕು. ಮೌಶಿಯನ್ನು ಯಾವ ಆಪತ್ತಿನಿಂದಲೂ ಕಾಪಾಡುವ ಶಕ್ತಿ ನನಗಿರಲಿಲ್ಲ, ಆದರೆ ನನ್ನ ಕೆಲಸ ಕಾಪಾಡುವುದಲ್ಲ, ಕಾಣಿಸಿಕೊಳ್ಳುವುದು. ಪೂಜೆಗೆ ಇಗರ್ಜಿಗೆ, ಟೈಲರನ ಅಂಗಡಿಗೆ, ನೂಲು ತರಲು ಹಂಪನಕಟ್ಟೆಯ ಪೇಟೆಗೆ, ಎಲ್ಲಿ ಹೋದರೂ ನಾನು ಅವಳ ಸೀರೆಯ ನೆರಿಗೆಗೆ ಅಂಟಿಕೊಂಡು ಇರಬೇಕು. ವಾಪಸು ಬಂದ ಮೇಲೆ ಅಮ್ಮ ನನ್ನ ಬೂಟು ಬಿಚ್ಚುವ ನೆಪದಲ್ಲಿ ವಿಚಾರಣೆ ಮಾಡುತ್ತಿದ್ದಳು.

"ಬಸ್ಸಿನಲ್ಲಿ ಅವಳ ಪಕ್ಕ ಯಾರು ಕೂತದ್ದು?"

"ನಾನು."

"ಇನ್ನೊಂದು ಪಕ್ಕ?"

"ಕಿಟಕಿ."

ಕೇಳಿದ್ದಕ್ಕೆ ಸುಳ್ಳು ಹೇಳದೆ, ಕೇಳದ್ದನ್ನು ಹೇಳದೆ ಇರುವ ವಿದ್ಯೆ ನನಗೆ ಬಂದದ್ದು ಆ ದಿನಗಳಲ್ಲಿ. ಮುಂದೆ ನಾನು ಗಂಡನ ಮನೆಯಲ್ಲಿ, ಶಾಲೆಯ ಟೀಚರ್ಸ್ ರೂಮಿನಲ್ಲಿ, ಮಕ್ಕಳ ಮದುವೆಯ ಮಾತುಕತೆಯಲ್ಲಿ ನಡೆಸಿದ್ದೆಲ್ಲ ಆ ಒಂದು ವಿದ್ಯೆಯ ಬಲದಿಂದಲೇ. ಮೌಶಿ ನನಗೆ ಲಂಚ ಕೊಡುತ್ತಿದ್ದಳು ಎಂದು ಯಾರೂ ತಿಳಿಯಬಾರದು. ಹುರಿದ ಕಡಲೆ ಕೊಡಿಸುತ್ತಿದ್ದಳು, ಅದು ದಾರಿಯ ಖರ್ಚು.

ಮೊಲ ಮುಗಿದ ಮೇಲೆ ಉಳಿದ ನೂಲಿನಲ್ಲಿ ಅವಳು ಹೆಬ್ಬೆರಳಿನಷ್ಟು ಸಣ್ಣ ಇನ್ನೊಂದು ಪ್ರಾಣಿ ಹೆಣೆದಳು. ಅದಕ್ಕೆ ದುಂಡು ಕಿವಿ, ಉದ್ದ ಬಾಲ, ಪುನರ್ಪುಳಿ ಬಣ್ಣದ್ದೇ ಒಂದು ಚೂರು ಲಂಗ. ಇಲಿ. ಅದರ ಕೈಯನ್ನು ಮೊಲದ ಫ್ರಾಕಿನ ಫ್ರಿಲ್ಲಿಗೆ ಸೇರಿಸಿ ಗಟ್ಟಿಯಾಗಿ ಹೊಲಿದಳು. ಇಲಿ ಯಾಕೆ ಎಂದು ಕೇಳಿದೆ. ಮೊಲ ಒಬ್ಬಳೇ ಪೇಟೆಗೆ ಹೋದರೆ ನಿನ್ನ ಅಮ್ಮ ಬಿಡುತ್ತಾಳಾ ಎಂದಳು. ಅದು ನಾನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಸಿಟ್ಟು ಬಂತು. ಬೆಕ್ಕಾದರೂ ಮಾಡಬಹುದಿತ್ತು.

"ಬೆಕ್ಕು ಆಗುವುದಿಲ್ಲ ಮಾರಾಯ್ತಿ," ಎಂದಳು ಮೌಶಿ. "ನೀನು ಕರಂಕುರುಂ ತಿನ್ತಾನೂ ಇರ್ಬೇಕು, ಎಲ್ಲ ಕಡೆ ಮೂಗು ಹಾಕ್ತಾನೂ ಇರ್ಬೇಕು. ಬೇರೆ ಎಂತ ಹೆಣೆಯುವುದು?"

ಆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪೇಟೆಯ ದಾರಿ ಸ್ವಲ್ಪ ಬದಲಾಯಿತು. ನೂಲಿನ ಅಂಗಡಿಯಿಂದ ಬರುವಾಗ ಮೌಶಿ ಸಿಸ್ಟರುಗಳು ನಡೆಸುವ ಒಂದು ಆಸ್ಪತ್ರೆಯ ಗೇಟಿನಲ್ಲಿ ನಿಂತಳು, ಮುಂದಿನ ಸಲ ಒಳಗೆ ಹೋದಳು. ಅಲ್ಲಿನ ಮೇಟ್ರನ್ ಸಿಸ್ಟರ್ ಅವಳನ್ನು ನಿಲ್ಲಿಸಿ ಮಾತಾಡಿಸುವಾಗ ನಾನು ಬೆಂಚಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದೆ, ಕಿವಿ ಅಲ್ಲೇ ಇತ್ತು. ನರ್ಸ್ ಕಲಿಯಲು ಹೊಸ ಹುಡುಗಿಯರನ್ನು ಆ ತಿಂಗಳ ಕೊನೆಗೆ ತೆಗೆದುಕೊಳ್ಳುತ್ತಾರೆ, ಹಾಸ್ಟೆಲಿನಲ್ಲಿ ಇರಬೇಕು. ವಯಸ್ಸಿನ ಕಾರಣದಿಂದ ಮೌಶಿಗೆ ಇದೇ ಕೊನೆಯ ಅವಕಾಶ. ಆದರೆ ಮನೆಯ ಹಿರಿಯರು ಬಂದು ಒಪ್ಪಿಗೆ ಹೇಳದೆ ತೆಗೆದುಕೊಳ್ಳುವುದಿಲ್ಲ. ಮನೆಯ ಹಿರಿಯರು ಎಂದರೆ ಪಪ್ಪ. ಬಸ್ಸಿನಲ್ಲಿ ಮೌಶಿ ಕಿಟಕಿಯ ಕಡೆ ನೋಡುತ್ತ ಬಂದಳು. ಕಾನ್ವೆಂಟಿನಿಂದ ಓಡಿಬಂದವಳು ಈಗ ಆಸ್ಪತ್ರೆಯಲ್ಲಿ ಗಂಡಸರ ಮೈ ಮುಟ್ಟುವ ಕೆಲಸಕ್ಕೆ ಹೋದಳು ಎಂದು ಊರು ಹೇಳುತ್ತದೆ, ಆ ಮಾತು ಪಪ್ಪನಿಗಿಂತ ಮೊದಲು ಅಮ್ಮನ ಬಾಯಲ್ಲಿ ಬರುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಮ್ಮ ಅಂದು ಎಲ್ಲಿಗೆಲ್ಲ ಹೋದಿರಿ ಎಂದು ಕೇಳಲಿಲ್ಲ, ನೂಲು ಸಿಕ್ಕಿತಾ ಎಂದು ಕೇಳಿದಳು. ಸಿಕ್ಕಿತು ಎಂದೆ.

ಹೇಳಲು ಮೌಶಿ ಒಂದು ಒಳ್ಳೆಯ ಸಂಜೆ ಹುಡುಕುತ್ತಿರುವಾಗಲೇ ರಾಯ್ಬಾರಿ ಬಂದ. ರಾಯ್ಬಾರಿ ಎಂದರೆ ಸಂಬಂಧ ಕುದುರಿಸುವವನು. ಉಳ್ಳಾಲದ ಕಡೆಯ ಒಳ್ಳೆಯ ಕುಟುಂಬ, ಹೆಂಡತಿ ಹೋಗಿ ವರ್ಷವಾಯಿತು, ಎರಡು ಸಣ್ಣ ಮಕ್ಕಳು, ಅವರಿಗೆ ಹೆಚ್ಚೇನೂ ಬೇಡ, ಕೈಕೆಲಸ ಬಲ್ಲ ಶಾಂತ ಸ್ವಭಾವದ ಹುಡುಗಿಯಾದರೆ ಸಾಕು ಎಂದ. ಅಮ್ಮ ಅವನಿಗೆ ಎರಡನೆಯ ಸಲ ಕಾಫಿ ಕೊಟ್ಟಳು. ಕಾನ್ವೆಂಟಿನಿಂದ ಮರಳಿದವಳಿಗೆ ಇದಕ್ಕಿಂತ ಒಳ್ಳೆಯದು ಬರುವುದಿಲ್ಲ ಎಂದು ಪಪ್ಪನೂ ಒಪ್ಪಿದರು. ಮೌಶಿಯನ್ನು ಕೇಳಿದ್ದು ಯಾವ ಸೀರೆ ಉಡುತ್ತೀ ಎಂದು ಮಾತ್ರ. ಅವಳು ಒಗೆಯುವ ಕಲ್ಲಿನ ಹತ್ತಿರ, ಪಪ್ಪನ ಅಂಗಿಯನ್ನು ಹಿಂಡುತ್ತ, ನನಗೆ ಬೇಡ ಲಿಲ್ಲಿ ಎಂದು ನನ್ನ ಹೆಸರು ಹಿಡಿದು ಹೇಳಿದ್ದು ನನಗೆ ಮಾತ್ರ ಕೇಳಿಸಿತು. ಅಂಗಿಯಲ್ಲಿ ನೀರೇ ಉಳಿಯದ ಹಾಗೆ ಹಿಂಡಿದ್ದಳು.

ಆ ಭಾನುವಾರ ಅವರು ಕಡವಿನ ದೋಣಿಯಲ್ಲಿ ಹೊಳೆ ದಾಟಿ ಬಂದರು. ಗಂಡು, ಗಂಡಿನ ತಾಯಿ, ಜೊತೆಗೆ ರಾಯ್ಬಾರಿ. ಬೆಳಿಗ್ಗೆಯಿಂದಲೇ ಅಮ್ಮ ಚಾವಡಿಯನ್ನು ಸಿಂಗರಿಸಿದ್ದಳು. ಅಲ್ಲಿ ಮೊದಲಿದ್ದ ಕ್ರೋಶೆ ಸಾಲದೆ, ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದದ್ದೂ ಹೊರಗೆ ಬಂದು ಎಲ್ಲವೂ ಒಂದೇ ದಿನದಲ್ಲಿ ಮೌಶಿಯ ಕೈಕೆಲಸ ಆಗಿಬಿಟ್ಟಿತು. ಹೊಸ ಗಂಜಿ ಹಾಕಿ ಇಸ್ತ್ರಿ ಮಾಡಿದ್ದರಿಂದ ಕುರ್ಚಿಯ ಬಟ್ಟೆಗಳು ಹಪ್ಪಳದ ಹಾಗೆ ನಿಂತಿದ್ದವು. ಮೊಲವನ್ನು ಅಕ್ಕಿ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಳ ಹಾಕಲು ಅಮ್ಮ ನನಗೆ ಹೇಳಿದಳು. ಅಷ್ಟರಲ್ಲಿ ಗೇಟಿನ ಶಬ್ದವಾಯಿತು. ಅಡುಗೆಮನೆಯವರೆಗೆ ಓಡುವ ಬದಲು ನಾನು ಅದನ್ನು ಹತ್ತಿರದ ಕುರ್ಚಿಯ ಕುಶನಿನ ಕೆಳಗೆ ತುರುಕಿದೆ. ಗಂಡಿನ ತಾಯಿ ನೇರ ಬಂದು ಅದೇ ಕುರ್ಚಿಯಲ್ಲಿ ಕೂತರು. ಕೂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿದು, ಮರ್ಯಾದೆಗೆ ಏನೂ ಹೇಳದೆ ಇದ್ದರು. ಮಗ ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಕೆಟ್ಟ ಮನುಷ್ಯನ ಮುಖವಲ್ಲ, ನಿದ್ದೆಯಿಲ್ಲದವರ ಮುಖ. ಮೌಶಿ ಕಾಫಿಯ ತಟ್ಟೆ ಹಿಡಿದು ಬಂದಳು, ಕುಶನಿನ ಅಂಚಿನಿಂದ ಮೊಲದ ಉದ್ದ ಕಿವಿ ಇಣುಕುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಆ ತಾಯಿ ಕಪ್ಪು ತೆಗೆದುಕೊಂಡು, ಮೇಜಿನ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಂಬದಿಯ ಗಂಟುಗಳನ್ನು ನೋಡಿದರು. ಕ್ರೋಶೆ ಬಲ್ಲವರು ನೋಡುವುದು ಹಿಂಬದಿಯನ್ನೇ.

"ಒಳ್ಳೆ ಕೈ. ಇದು ನೀನು ಹೆಣೆದದ್ದಾ ಮಗಳೇ?"

ಎಲ್ಲವೂ ಅವಳದ್ದೇ, ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ ಎಂದು ಅಮ್ಮ ಶುರುಮಾಡಿದಳು. ಮೌಶಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಅಲ್ಲ, ಅದು ಅಕ್ಕನದ್ದು. ನೀವು ಕೂತಿರುವುದು ನನ್ನದರ ಮೇಲೆ."

ಆಕೆ ಎದ್ದು, ಕುಶನಿನ ಕೆಳಗೆ ಕೈ ಹಾಕಿ ಮೊಲವನ್ನು ಹೊರಗೆ ತೆಗೆದರು. ಚಪ್ಪಟೆಯಾಗಿದ್ದ ಅದು ಅವರ ಕೈಯಲ್ಲಿ ಮೆಲ್ಲಗೆ ಉಬ್ಬಿ ಮೊದಲಿನ ಆಕಾರಕ್ಕೆ ಬಂತು. ಪಪ್ಪ ಕೆಮ್ಮಿದರು. ಅದು ನಗು ಎಂದು ನನಗೆ ಗೊತ್ತಿತ್ತು. ಆ ತಾಯಿ ಮೊಲವನ್ನು ಹಿಂದೆ ಮುಂದೆ ತಿರುಗಿಸಿ, ಹೆಣಿಗೆಯ ಸಂದಿಗೆ ಉಗುರು ಹಾಕಿ ನೋಡಿ, ಉಗುರು ಹೋಗಲಿಲ್ಲ ಎಂದು ತಲೆಯಾಡಿಸಿ, ಫ್ರಿಲ್ಲಿಗೆ ಅಂಟಿದ್ದ ಇಲಿಯನ್ನು ಹಿಡಿದು ಇದು ಎಂತಕ್ಕೆ ಎಂದು ಕೇಳಿದರು. ಇಲಿಯ ವಿಷಯವಾದ್ದರಿಂದ ಉತ್ತರ ಕೊಡಬೇಕಾದವಳು ನಾನು ಎಂದು ನನಗೆ ಅನಿಸಿತು.

"ಅದು ನಾನು. ಮೌಶಿ ಒಬ್ಬಳೇ ಹೋಗ್ಲಿಕ್ಕಿಲ್ಲ ಅಲ್ಲ, ಅದಕ್ಕೆ ಜೊತೆಗೆ."

"ಹೌದಾ? ಎಲ್ಲಿಗೆಲ್ಲ ಹೋಗ್ತೀರಿ ನೀವಿಬ್ಬರು?"

ಈ ಪ್ರಶ್ನೆಗೆ ನಾನು ತಯಾರಿದ್ದೆ. ಇಗರ್ಜಿ, ಟೈಲರ್, ನೂಲಿನ ಅಂಗಡಿ, ಮೂರೂ ಸತ್ಯ, ಮೂರೂ ನಾಲಿಗೆಯ ತುದಿಯಲ್ಲೇ ಇದ್ದವು. ಅಭ್ಯಾಸದಂತೆ ಮೌಶಿಯ ಮುಖ ನೋಡಿದೆ. ಹೇಳಬಾರದ್ದಿದ್ದರೆ ಅವಳು ರೆಪ್ಪೆಯಿಂದ ಬೇಡ ಎನ್ನುತ್ತಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಅಲ್ಲಾಡಲಿಲ್ಲ.

"ಆಸ್ಪತ್ರೆಗೆ," ಎಂದೆ. "ಮೌಶಿಗೆ ನರ್ಸ್ ಆಗ್ಲಿಕ್ಕುಂಟು."

ಅಮ್ಮನ ಕೈಯಲ್ಲಿದ್ದ ಬಿಸ್ಕತ್ತಿನ ತಟ್ಟೆ ನಿಂತಲ್ಲೇ ನಿಂತಿತು. ಮಗು ಏನೋ ಹೇಳುತ್ತದೆ ಎಂದು ರಾಯ್ಬಾರಿ ಹೇಳತೊಡಗಿದ, ಆ ತಾಯಿ ಕೈ ಎತ್ತಿ ಅವನನ್ನು ಸುಮ್ಮನಾಗಿಸಿ ಮೌಶಿಯನ್ನು ಹೌದಾ ಎಂದು ಕೇಳಿದರು. ಮೌಶಿ ಹೌದು ಎಂದಳು. ಆಕೆ ಮಗನನ್ನು ಒಮ್ಮೆ ನೋಡಿ, ಅಮ್ಮನ ಕಡೆ ತಿರುಗಿದರು.

"ನಮ್ಮ ಮಕ್ಕಳು ತಾಯಿ ಹೋದದ್ದು ಒಮ್ಮೆ ನೋಡಿ ಆಗಿದೆ. ಹೋಗುವ ಮನಸ್ಸು ಇರುವವಳನ್ನು ಕರ್ಕೊಂಡು ಹೋಗಿ ನಾವು ಎಂತ ಮಾಡುವುದು ಹೇಳಿ."

ಸಿಟ್ಟಿನಿಂದ ಹೇಳಿದ್ದಲ್ಲ. ಕಾಫಿಯನ್ನು ಪೂರ್ತಿ ಕುಡಿದೇ ಎದ್ದರು. ಮರ್ಯಾದೆ ಉಳಿಸಿಕೊಳ್ಳಲು ಅಮ್ಮ ಮೇಜಿನ ಬಟ್ಟೆಯನ್ನು ಮಡಚಿ ಅವರಿಗೆ ಕೊಡಲು ಹೋದಳು. ಇದೆಲ್ಲ ನಮ್ಮಲ್ಲೂ ಉಂಟು, ಮೊಲ ಇಲ್ಲ ಎಂದು ಹೇಳಿ, ಮಕ್ಕಳಿಗೆ ಕೊಂಡುಹೋಗಲೇ ಎಂದು ಆಕೆ ಮೌಶಿಯನ್ನು ಕೇಳಿದರು. ಮೌಶಿ ಕೊಟ್ಟಳು. ಗಂಡು ಮೊದಲ ಸಲ ತಲೆಯೆತ್ತಿ, ಮೊಲವನ್ನು ತಾಯಿಯಿಂದ ತೆಗೆದುಕೊಂಡು ತಮ್ಮ ಟೊಪ್ಪಿಯೊಳಗೆ ಕೂರಿಸಿಕೊಂಡರು. ಫ್ರಿಲ್ಲಿಗೆ ಹೊಲಿದುಬಿಟ್ಟಿದ್ದರಿಂದ ಇಲಿಯೂ ಹೋಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಮನೆಯಲ್ಲಿ ಜಗಳ ಶುರುವಾಯಿತು. ನಮ್ಮ ಮನೆಯ ಜಗಳ ಮಾತಿನಲ್ಲಿ ನಡೆಯುತ್ತಿರಲಿಲ್ಲ, ತೇರ್ಸಿನಲ್ಲಿ ನಡೆಯುತ್ತಿತ್ತು. ಸಂಜೆ ಎಲ್ಲರೂ ದೇವರ ಪೀಠದ ಮುಂದೆ ಮೊಣಕಾಲೂರಿ ಜಪಮಾಲೆ ಹೇಳುವುದು ತೇರ್ಸು. ಅದು ಮುಗಿದ ಮೇಲೆ ಸತ್ತವರಿಗಾಗಿ, ಕಾಯಿಲೆಯವರಿಗಾಗಿ ಒಂದೊಂದು ಪ್ರಾರ್ಥನೆ ಸೇರಿಸುವ ರೂಢಿ. ಅಮ್ಮ ಸೇರಿಸಿದಳು, ಅಕ್ಕನ ಮನೆಯಲ್ಲಿದ್ದು ಅಕ್ಕನಿಂದ ಮುಚ್ಚಿಡುವವರಿಗೆ ದೇವರು ಒಳ್ಳೆಯ ಬುದ್ಧಿ ಕೊಡಲಿ ಎಂದು. ಪಪ್ಪ ಸೇರಿಸಿದರು, ಒಬ್ಬರ ಕೈಕೆಲಸವನ್ನು ಇನ್ನೊಬ್ಬರದ್ದೆಂದು ತೋರಿಸುವವರಿಗೂ ಕೊಡಲಿ ಎಂದು. ಎಲ್ಲದಕ್ಕೂ ಆಮೆನ್ ಹೇಳುವುದು ನನ್ನ ಕರ್ತವ್ಯ, ಎರಡೂ ಕಡೆಗೆ ಸಮನಾಗಿ ಹೇಳಿದೆ. ಆದರೆ ಅಮ್ಮನನ್ನು ಹೀಗೆ ಕುಟುಕಿದ ಪಪ್ಪನೂ ಆಸ್ಪತ್ರೆಯ ಮಾತನ್ನು ಮಾತ್ರ ಎತ್ತಲಿಲ್ಲ. ಮೌಶಿ ಎರಡು ಸಲ ಊಟದ ಹೊತ್ತಿಗೆ ಶುರುಮಾಡಿದಳು. ಎರಡು ಸಲವೂ ಅವರು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದರು. ಇಲ್ಲ ಎನ್ನಲು ಮನಸ್ಸಿಲ್ಲ, ಹೌದು ಎನ್ನಲು ಧೈರ್ಯವಿಲ್ಲ. ತಿಂಗಳ ಕೊನೆ ಹತ್ತಿರ ಬಂತು.

ತೇರ್ಸಿನ ಕೊನೆಗೆ ಇನ್ನೊಂದು ಪದ್ಧತಿ. ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈ ಜೋಡಿಸಿ ಬೆಸಾಂವ್ ಕೇಳಬೇಕು, ಆಶೀರ್ವಾದ. ಹಿರಿಯರು ತಲೆಯ ಮೇಲೆ ಕೈಯಿಟ್ಟು ದೇವರು ಒಳ್ಳೆಯದು ಮಾಡಲಿ ಎನ್ನಬೇಕು. ಹಗಲಿಡೀ ಪೆಟ್ಟು ತಿಂದಿದ್ದರೂ ಕೇಳಬೇಕು, ಪೆಟ್ಟು ಕೊಟ್ಟಿದ್ದರೂ ಕೊಡಬೇಕು. ಕೇಳಿದವರಿಗೆ ಬೆಸಾಂವ್ ಇಲ್ಲ ಎಂದ ಹಿರಿಯರನ್ನು ನಾನು ಆವರೆಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಆ ಶನಿವಾರ ಮೊದಲು ನನ್ನ ಸರದಿ ಮುಗಿಯಿತು. ಮೌಶಿ ಬಂದು ಪಪ್ಪನ ಮುಂದೆ ಮೊಣಕಾಲೂರಿದಳು. ಸಾಮಾನ್ಯವಾಗಿ ಅವಳು ನಿಂತೇ ಕೇಳುತ್ತಿದ್ದಳು. ಪಪ್ಪನ ಕೈ ಅಭ್ಯಾಸದಿಂದ ಆಗಲೇ ಮೇಲೆ ಎದ್ದಿತ್ತು.

"ಸೋಮವಾರ ಆಸ್ಪತ್ರೆಗೆ ಸೇರ್ಲಿಕ್ಕೆ ಹೋಗ್ತೇನೆ ಭಾವ. ಬೆಸಾಂವ್ ಕೊಡಿ."

ಕೈ ಗಾಳಿಯಲ್ಲಿ ನಿಂತಿತು. ಅಮ್ಮ ದೀಪದ ಬತ್ತಿ ಸರಿಮಾಡುತ್ತಿದ್ದವಳು ತಿರುಗಿ ನೋಡಿದಳು, ಬಾಯಿ ತೆರೆದಳು, ಪೀಠದ ಕಡೆ ನೋಡಿ ಮುಚ್ಚಿಕೊಂಡಳು. ಪಪ್ಪ ಗೋಡೆ ನೋಡಿದರು, ನನ್ನನ್ನು ನೋಡಿದರು. ಮೌಶಿ ತಲೆ ತಗ್ಗಿಸಿ ಹಾಗೇ ಇದ್ದಳು. ಕೊನೆಗೆ ಆ ಕೈ ಇಳಿಯಿತು. ದೇವರು ಒಳ್ಳೆಯದು ಮಾಡಲಿ ಎಂದು ಎಂದಿಗಿಂತ ಸ್ವಲ್ಪ ಮೆಲ್ಲಗೆ ಹೇಳಿದರು. ಆಮೇಲೆ ಅಡುಗೆಮನೆಯಲ್ಲಿ ಅಮ್ಮ ಕೇಳಬೇಕಾದ್ದನ್ನೆಲ್ಲ ಕೇಳಿದಳು. ಊರು, ಮರ್ಯಾದೆ, ಗಂಡಸರ ಮೈ, ಎಲ್ಲ ಬಂತು. ಪಪ್ಪನ ಉತ್ತರ ಒಂದೇ, ಕೊಟ್ಟ ಬೆಸಾಂವನ್ನು ಹಿಂದೆ ತಗೊಳ್ಳಲಿಕ್ಕೆ ಆಗುವುದಿಲ್ಲ. ಧೈರ್ಯ ತನ್ನದಲ್ಲದೆ ದೇವರದ್ದಾದ ಮೇಲೆ ಅವರಿಗೆ ಹಗುರವಾದಂತಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬರೇ ಪೇಟೆಗೆ ಹೋಗಿ ಮೇಟ್ರನ್ ಸಿಸ್ಟರಿಗೆ ಒಪ್ಪಿಗೆ ಹೇಳಿ ಬಂದರು.

ಸೋಮವಾರ ಬೆಳಿಗ್ಗೆ ಅಮ್ಮ ಮೌಶಿಯ ಪೆಟ್ಟಿಗೆಯೊಳಗೆ ಒಂದು ತಲೆದಿಂಬಿನ ಹೊದಿಕೆ ಇಟ್ಟಳು, ಅಂಚಿಗೆಲ್ಲ ಕ್ರೋಶೆ. ಆಮೇಲೆ ನನ್ನನ್ನು ಕರೆದು, ತಲೆ ಬಾಚಿ, ಪೇಟೆಗೆ ಹೋಗುವ ಫ್ರಾಕ್ ಹಾಕಿ, ಬೂಟಿನ ಲಾಡಿ ಕಟ್ಟಿದಳು. ನಾವು ಗೇಟಿನವರೆಗೆ ಹೋದೆವು. ಅಲ್ಲಿ ಮೌಶಿ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನನ್ನ ಕೈ ಬಿಟ್ಟಳು.

"ನೀನು ಇಲ್ಲೇ ಇರು ಲಿಲ್ಲಿ."

"ಒಬ್ಬಳೇ ಹೋಗ್ತೀಯಾ?"

"ಹ್ಞೂಂ."

ಹಿಂದೆ ತಿರುಗಿ ನೋಡಿದೆ. ಅಮ್ಮ ಜಗಲಿಯ ಕಂಬದ ಹತ್ತಿರ ನಿಂತಿದ್ದಳು, ಕರೆಯಲಿಲ್ಲ, ತಡೆಯಲಿಲ್ಲ. ಮೌಶಿ ಬಸ್ಸು ನಿಲ್ಲುವಲ್ಲಿಗೆ ಇಳಿದು ಹೋಗುವ ಮಣ್ಣಿನ ದಾರಿಯಲ್ಲಿ ಮೊದಲು ಮೆಲ್ಲಗೆ ನಡೆದಳು. ನನ್ನ ಸಣ್ಣ ಕಾಲಿಗೆ ಹೊಂದಿಸಿ ನಡೆದು ಅಭ್ಯಾಸ. ತಿರುವಿನ ಹತ್ತಿರ ಅದು ಅವಳಿಗೆ ನೆನಪಾಗಿರಬೇಕು, ಬೇಗ ಬೇಗ ನಡೆಯತೊಡಗಿದಳು. ನಾನು ಬಂದು ಜಗಲಿಯ ಮೆಟ್ಟಿಲಿನಲ್ಲಿ ಕೂತೆ. ಫ್ರಾಕ್ ಬಿಚ್ಚು, ಗಲೀಜಾಗ್ತದೆ ಎಂದು ಅಮ್ಮ ಹೇಳಬೇಕಿತ್ತು, ಬೂಟು ಬಿಚ್ಚುವ ನೆಪದಲ್ಲಿ ಏನಾದರೂ ಕೇಳಬೇಕಿತ್ತು. ಹೇಳಲಿಲ್ಲ, ಕೇಳಲಿಲ್ಲ. ಸಂಜೆಯ ತೇರ್ಸಿಗೂ ನಾನು ಬೂಟು ಬಿಚ್ಚದೆ, ಆ ಫ್ರಾಕಿನಲ್ಲೇ ಮೊಣಕಾಲೂರಿದೆ.